ಮರಳು ಸೋಸದ ನೀರು

ಮಾರ್ಚ್ 9

ಪ್ರೀತಿಯ ತಂಗಿ ಸಣ್ಣಿಗೆ,

ಅಣ್ಣನ ಆಶೀರ್ವಾದಗಳು. ಹೇಗಿದ್ದೀಯ? ಹೊಲಿಗೆ ಮಿಷನ್ನು ತುಳಿದು ತುಳಿದು ಸೊಂಟ ಹಿಡಿದಿದೆ ಎಂದಿದ್ದೆ, ಬಿಟ್ಟಿತೇ? ಭಾವನವರ ಮೊಣಕಾಲು ಹೇಗಿದೆ? ಅವರ ನಾಲಿಗೆ ಚೆನ್ನಾಗಿಯೇ ಇರುತ್ತದೆ, ಅದನ್ನು ಕೇಳುವುದಿಲ್ಲ. ನಿನ್ನ ಮಗಳು ಟೀಚರಮ್ಮ ಬಾಣಂತನದ ರಜೆ ಮುಗಿಸಿ ಸ್ಕೂಲಿಗೆ ಹೊರಟಳಂತೆ, ಮೈಯಲ್ಲಿ ಕಸುವು ಬಂದಿದೆಯೇ? ಹಡಗಿನ ಕೆಲಸಕ್ಕೆ ಹೋದ ಅಳಿಯ ಕಾಗದ ಹಾಕಿದನೇ? ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಡಲೆಕಾಳು ಹೇಗಿದ್ದಾಳೆ? ಮೂರು ತಿಂಗಳಿಗೇ ಅಜ್ಜಿಯ ಬಾಟಲಿ ಹಾಲಿಗೆ ಒಗ್ಗಿಕೊಂಡಳೇ? ಅಜ್ಜಿ ಕೂಸನ್ನು ನೋಡಿಕೊಳ್ಳುತ್ತಾಳೋ, ಕೂಸು ಅಜ್ಜಿಯನ್ನೋ ಎಂದು ನಿನ್ನತ್ತಿಗೆ ಕೇಳುತ್ತಿದ್ದಾಳೆ.

ಫೋನಿನಲ್ಲಿ ನನಗೆ ಕಿವಿ ಕೇಳಿಸುವುದಿಲ್ಲ, ನೀನು ಕಿರುಚುವುದು ಬೀದಿಗೆಲ್ಲ ಕೇಳಿಸುತ್ತದೆ. ಕಾಗದವೇ ವಾಸಿ.

ನೀನು ಬರೆದಿದ್ದೀಯ: 'ಅಣ್ಣಾ, ಕುಂಬಳದ ಬಳ್ಳಿಗೆ ಬಕೆಟ್ಟುಗಟ್ಟಲೆ ನೀರು ಸುರಿದರೂ ಮಧ್ಯಾಹ್ನಕ್ಕೆ ಸೊಪ್ಪಾಗಿ ಬಿದ್ದಿರುತ್ತೆ. ಗೊಬ್ಬರ ಹಾಕಿದರೆ ಹದಿನೈದು ದಿನ ಹಸಿರು, ಆಮೇಲೆ ಮತ್ತೆ ಕಾಮಾಲೆ. ಈ ಮಣ್ಣಿಗೆ ಏನು ರೋಗ?'

ರೋಗವಲ್ಲ ತಂಗಿ, ಅದರ ಹುಟ್ಟುಗುಣ. ನಮ್ಮೂರಿನ ಜೇಡಿಮಣ್ಣನ್ನು ಹಿಡಿ ತೆಗೆದು ಹಿಸುಕಿದರೆ ಉಂಡೆಯಾಗುತ್ತದೆ, ಹೊಸೆದರೆ ಹಗ್ಗವಾಗುತ್ತದೆ. ನಿನ್ನ ಹಿತ್ತಲಿನದನ್ನು ಹಿಸುಕಿ ನೋಡು, ಬೆರಳ ಸಂದಿಯಿಂದ ಎಲ್ಲ ಹೊರಟುಹೋಗುತ್ತದೆ. ಮೇಲೆ ನಾಲ್ಕು ಬೆರಳು ಕೊಳೆತ ಎಲೆ ಬೆರೆತ ಬೂದು ಮಣ್ಣು. ಅದರ ಕೆಳಗೆ ಒಗೆದು ಹಿಂಡಿ ಹಾಕಿದಂಥ ಬಿಳಿ ಮರಳು, ಮಳೆ ಸಾವಿರಾರು ವರ್ಷ ಅದರ ಸಾರವನ್ನೆಲ್ಲ ತೊಳೆದು ಹಾಕಿದೆ. ಅದರ ಕೆಳಗೆ ಹಳದಿ ಮರಳು. ಅದರ ಕೆಳಗೂ ಮರಳೇ. ನಿನ್ನ ಬಾವಿ ತೋಡುವಾಗ ಏಳು ಸಿಮೆಂಟಿನ ಉಂಗುರ ಇಳಿಸಿದೆ, ಆಮೇಲೆ ಎರಡಾಳುದ್ದದ ಸಲಾಕೆ ಚುಚ್ಚಿದೆ. ಒಂದು ಕಲ್ಲು 'ಟಣ್' ಎನ್ನಲಿಲ್ಲ, ಒಂದು ಚೂರು ಜೇಡಿ ತುದಿಗೆ ಅಂಟಲಿಲ್ಲ. ಅಷ್ಟು ಆಳದ ಮರಳು. ಅಲ್ಲಿ ಸುರಿದ ನೀರು ನಿಲ್ಲಲು ಜಾಗ ಹುಡುಕುವುದೇ ಇಲ್ಲ, ನೇರ ಕೆಳಗೆ. ಗೊಬ್ಬರವೂ ನೀರಿನ ಬೆನ್ನು ಹತ್ತಿ ಹೋಗುತ್ತದೆ.

ಆದ್ದರಿಂದ ಮೂರು ದಿನಕ್ಕೊಮ್ಮೆ ಬಕೆಟ್ಟು ಸುರಿಯಬೇಡ, ದಿನಾ ಎರಡು ಚೊಂಬು ಹಾಕು. ಗೊಬ್ಬರ ಮುಷ್ಟಿ ಹಾಕುವಲ್ಲಿ ಚಿಟಿಕೆ ಹಾಕು. ಬುಡಕ್ಕೆ ದಪ್ಪಗೆ ಒಣ ಎಲೆ ಹೊದಿಸು.

ಆ ಮರಳಿನ ಮೇಲೆ ನನಗೆ ಕೋಪವಿಲ್ಲ. ನನ್ನನ್ನು ಮನುಷ್ಯನನ್ನಾಗಿ ಮಾಡಿದ್ದೇ ಅದು. ಗಟ್ಟಿ ನೆಲದಲ್ಲಿ ಬಾವಿ ಯಾರಾದರೂ ತೋಡುತ್ತಾರೆ. ಮರಳಲ್ಲಿ ತೋಡಿದರೆ ಅಂಚು ಕುಸಿದು ಆಳು ಮಣ್ಣುಪಾಲು. ಉಂಗುರವನ್ನು ನೆಲದ ಮೇಲಿಟ್ಟು, ಒಳಗೆ ಕೂತು ಕಾಲಡಿಯ ಮರಳನ್ನು ಸುತ್ತಲೂ ಸಮನಾಗಿ ಬಗೆದಂತೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಮೇಲೊಂದು, ಅದರ ಮೇಲೊಂದು. ಒಂದು ಕಡೆ ಹೆಚ್ಚು ಬಗೆದರೆ ಉಂಗುರ ಓರೆ. ನಿನ್ನ ಬಾವಿ ಇಪ್ಪತ್ತಾರು ವರ್ಷವಾದರೂ ತೂಕದ ದಾರ ಬಿಟ್ಟ ಹಾಗೆ ನೆಟ್ಟಗಿದೆ. ನೀರೋ, ಗಾಜು. ಪಾಯಿಖಾನೆಯ ಗುಂಡಿಯೂ ಒಮ್ಮೆಯಾದರೂ ತುಂಬಿದೆಯೇ? ಇಲ್ಲ. ಮರಳು ಎಲ್ಲವನ್ನೂ ಕುಡಿದು ಸೋಸಿ ಬಿಡುತ್ತದೆ. ನಾನು ಮಾಡಿದ ಕೆಲಸದಲ್ಲಿ ಅದೇ ಮೇಲು. ಹೊಗಳಿಕೊಂಡೆ ಎಂದು ಭಾವ ನಗಲಿ, ಪರವಾಗಿಲ್ಲ.

ಕಾಳಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ಅಣ್ಣ

ಮಾರ್ಚ್ 28

ಅಣ್ಣನಿಗೆ ನಮಸ್ಕಾರ. ಅತ್ತಿಗೆಗೂ.

ನೀನು ಹೇಳಿದ ಹಾಗೆ ದಿನಾ ಎರಡು ಚೊಂಬು ಹಾಕಿದೆ. ಗೊಬ್ಬರ ಹಾಕುವುದು ಮರೆತೇಹೋಯಿತು, ಆದರೂ ಬರೀ ಬಾವಿಯ ನೀರಿಗೇ ಬಳ್ಳಿ ಕಪ್ಪುಹಸಿರಾಗಿ ಬಚ್ಚಲಿನ ಮಾಡು ಹತ್ತಿದೆ. 'ನಿಮ್ಮಣ್ಣನ ಬಾವಿಯಲ್ಲಿ ಏನೋ ಟಾನಿಕ್ಕಿದೆ ಕಣೆ' ಎಂದು ಇವರು ತಮಾಷೆ ಮಾಡುತ್ತಾರೆ. ಇವರ ಮೊಣಕಾಲು ಊಟದ ಹೊತ್ತಿಗೆ ಸರಿಹೋಗುತ್ತದೆ, ಚೀಲ ಹೊರುವ ಹೊತ್ತಿಗೆ ಮತ್ತೆ ನೋವು.

ಕಾಳಿನದ್ದೇ ಸ್ವಲ್ಪ ಯೋಚನೆ. ಮಗಳು ಸ್ಕೂಲಿಗೆ ಹೋದ ಮೇಲೆ ಡಬ್ಬಿಯ ಪುಡಿ ಕಲಸಿ ನಾನೇ ಕುಡಿಸುತ್ತೇನೆ. ಮೊದಲೆರಡು ವಾರ ಚೆನ್ನಾಗಿ ಕುಡಿದಳು. ಈಗ ಅರ್ಧ ಬಾಟಲಿಗೇ ದಣಿದು ನಿದ್ದೆ ಹೋಗುತ್ತಾಳೆ. ಜ್ವರವಿಲ್ಲ, ಭೇದಿಯಿಲ್ಲ. ಅಳು ಕೂಡ ಸಣ್ಣದಾಗಿದೆ. ಉಗುರು ಯಾಕೋ ಬೂದಿಯ ಬಣ್ಣ ಅನ್ನಿಸುತ್ತದೆ, ಕಿಟಕಿಯ ಬೆಳಕಿಗೆ ಹಾಗೆ ಕಾಣುತ್ತದೋ ಏನೋ. ತೂಕ ನೋಡಲು ಬಂದ ನರ್ಸಮ್ಮ, 'ನೀರು ಎಲ್ಲಿಯದು? ಬಾವಿಯದಾ? ಸ್ವಲ್ಪ ನೋಡಿಕೊಳ್ಳಿ' ಎಂದಳು. ಇವರಿಗೆ ಸಿಟ್ಟು ಬಂತು. 'ಕೈತುಂಬ ಬೊಗಸೆ ಹಿಡಿದು ನೋಡಮ್ಮಾ, ರೇಖೆ ಎಣಿಸಬಹುದು' ಎಂದರು.

ನೀನು ಏನು ಹೇಳುತ್ತೀಯ? ನೀರಿನ ವಿಷಯ ನಿನಗಿಂತ ಯಾರಿಗೆ ಗೊತ್ತು?

ನಿನ್ನ ತಂಗಿ

ಏಪ್ರಿಲ್ 2

ಪ್ರೀತಿಯ ಸಣ್ಣಿ,

ನಿನ್ನ ಕಾಗದ ಈಗ ತಾನೇ ಬಂತು, ಅಂಚೆಯವನನ್ನು ನಿಲ್ಲಿಸಿಕೊಂಡೇ ಉತ್ತರ ಬರೆಯುತ್ತಿದ್ದೇನೆ. ಅವನು ಗೊಣಗುತ್ತಿದ್ದಾನೆ.

ಮೊದಲು ಒಂದು ಮಾತು. ನನ್ನ ಬಾವಿಯಲ್ಲಿ ಕುಂದು ಹುಡುಕುವವರು ಮೊದಲು ತಾವೊಂದು ಬಾವಿಗೆ ಇಳಿದು ಬರಲಿ. ಆ ನರ್ಸಮ್ಮ ಹುಟ್ಟುವ ಮೊದಲಿನಿಂದ ನಾನು ಮರಳು ಬಗೆದಿದ್ದೇನೆ. ಎರಡಾಳು ಮರಳು ದಾಟಿ ಬರುವ ನೀರಿನಲ್ಲಿ ಕೊಳೆ ಇರಲು ಸಾಧ್ಯವೇ ಇಲ್ಲ.

ಆದರೂ ಕೂಸಿನ ವಿಷಯ, ಜಂಬ ಬೇಡ. ನೀರು ಕುದಿಸು. ಗುಳ್ಳೆ ಬಂದ ಕೂಡಲೇ ಇಳಿಸುತ್ತಾರಲ್ಲ, ಹಾಗಲ್ಲ. ಬೆಳಗ್ಗೆಯೇ ದೊಡ್ಡ ಪಾತ್ರೆ ಒಲೆಗಿಟ್ಟು ಅರ್ಧಕ್ಕರ್ಧ ಇಳಿಯುವ ತನಕ ಕುದಿಸಿ, ಆರಿಸಿ, ಅದರಲ್ಲೇ ಹಾಲು ಕಲಸು. ದಣಿದು ಮಲಗಿದರೆ ಬಿಡಬೇಡ. ತುಸು ತುಸುವಾಗಿ, ಹೆಚ್ಚು ಸಲ ಕುಡಿಸು. ನಿನ್ನತ್ತಿಗೆ ಹಿಂದಿನಿಂದ, 'ಡಾಕ್ಟರಿಗೂ ಒಮ್ಮೆ ತೋರಿಸಲು ಬರೀರಿ' ಎನ್ನುತ್ತಾಳೆ. ತೋರಿಸು, ತಪ್ಪೇನಿಲ್ಲ. ಆದರೆ ಮೊದಲು ಒಂದು ವಾರ ನಾನು ಹೇಳಿದ ಹಾಗೆ ಮಾಡಿ ನೋಡು.

ಅವಸರದಲ್ಲಿ,
ಅಣ್ಣ

ಏಪ್ರಿಲ್ 21

ಪ್ರೀತಿಯ ಮಾವ, ನಮಸ್ಕಾರ.

ಅಮ್ಮನ ಬದಲು ನಾನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕಾಳು ಈಗ ಮನೆಯಲ್ಲಿದ್ದಾಳೆ, ನನ್ನ ತೊಡೆಯ ಮೇಲೆ ಕಾಲು ಝಾಡಿಸುತ್ತಿದ್ದಾಳೆ. ಇದನ್ನು ಓದಿ ಒಂದು ಲೋಟ ನೀರು ಕುಡಿದು ಮುಂದಿನದು ಓದಿ.

ಹತ್ತನೇ ತಾರೀಕು ನಾನು ಸ್ಕೂಲಿನಿಂದ ಬಂದಾಗ ಅವಳ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಅಮ್ಮ ಬಾಟಲಿ ಹಿಡಿದುಕೊಂಡು, 'ಕುಡಿಯೇ ಬಂಗಾರ, ಇನ್ನೊಂದು ಗುಟುಕು' ಎನ್ನುತ್ತಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ನಾಲ್ಕು ದಿನ ಅಲ್ಲಿದ್ದೆವು. ಡಾಕ್ಟರಮ್ಮ ಚುಚ್ಚಿ ತೆಗೆದ ರಕ್ತ ಕಾಫಿಪುಡಿಯ ಬಣ್ಣಕ್ಕಿತ್ತು ಮಾವ. ನೀಲಿ ತಿರುಗಿದ ಮಗುವಿಗೆ ನೀಲಿ ಬಣ್ಣದ ಔಷಧಿಯನ್ನೇ ನರಕ್ಕೆ ಕೊಟ್ಟರು. ಒಂದು ಗಂಟೆಯಲ್ಲಿ ತುಟಿ ಕೆಂಪಾಯಿತು.

ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, 'ಯಾವ ನೀರು?' ಎರಡನೆಯದು, 'ಕುದಿಸಿದಿರಾ?' ಅಮ್ಮ ಹೆಮ್ಮೆಯಿಂದ, 'ಅರ್ಧಕ್ಕೆ ಇಳಿಸಿ' ಎಂದಳು. ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನು ಹೇಗೆ ಬರೆಯಲಿ ಎಂದು ನಾಲ್ಕು ದಿನ ಯೋಚಿಸಿದೆ. ನೀರಿನಲ್ಲಿದ್ದದ್ದು ಕ್ರಿಮಿಯಲ್ಲ. ನೈಟ್ರೇಟ್ ಅನ್ನುವ ಒಂದು ಥರ ಉಪ್ಪು. ಪಾಯಿಖಾನೆಯ ಗುಂಡಿಯಿಂದ ಕರಗಿ ಬರುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿದರೆ ಎರಡು ಪಟ್ಟು.

'ನಾವೆಲ್ಲ ಇಪ್ಪತ್ತಾರು ವರ್ಷ ಕುಡಿದಿಲ್ವಾ? ಇವಳು ಇದೇ ಮನೆಯಲ್ಲಿ ಬೆಳೆಯಲಿಲ್ವಾ?' ಎಂದು ಅಪ್ಪ ವಾದ ಮಾಡಿದರು. ದೊಡ್ಡವರ ರಕ್ತ ತಡೆಯುತ್ತದೆ, ಆರು ತಿಂಗಳೊಳಗಿನ ಕೂಸಿನದು ತಡೆಯುವುದಿಲ್ಲ, ನಾನು ಅಷ್ಟು ಚಿಕ್ಕವಳಿದ್ದಾಗ ಅಮ್ಮನ ಹಾಲು ಕುಡಿದೆ ಎಂದರು ಡಾಕ್ಟರಮ್ಮ. ಗುಂಡಿಯಿಂದ ಬಾವಿಗೆ ಹೆಜ್ಜೆ ಹಾಕಿ ಅಳೆದೆ. ಹದಿನಾಲ್ಕು. ಅಪ್ಪ ತಮಾಷೆ ಮಾಡುತ್ತಿದ್ದ ಟಾನಿಕ್ಕು ಅದೇ ಇರಬೇಕು.

ಈಗ ಬೀದಿಯ ನಲ್ಲಿಯಿಂದ ನೀರು ತರುತ್ತೇವೆ. ಅಪ್ಪನೇ ಹೊರುತ್ತಾರೆ, ಮೊಣಕಾಲಿನ ಮಾತು ಎತ್ತುವುದಿಲ್ಲ.

'ಅಣ್ಣನಿಗೆ ಬರೆಯಬೇಡ' ಎಂದು ಅಮ್ಮ ಹೇಳಿದ್ದಾಳೆ. ಆದರೆ ನೀವು ತೋಡಿದ ಬಾವಿಗಳು ಈ ತೀರದಲ್ಲಿ ಇನ್ನೂ ಇವೆಯಲ್ಲ. ಅದಕ್ಕೆ ಬರೆದೆ. ನಿಮ್ಮ ಮೇಲೆ ನನಗೆ ಕೋಪವಿಲ್ಲ ಎಂದು ಬರೆಯಲು ಹೊರಟೆ. ಸ್ವಲ್ಪ ಇತ್ತು, ಈಗ ಇಲ್ಲ.

ನಿಮ್ಮ ಸೊಸೆ

ಮೇ 19

ಪ್ರೀತಿಯ ಸಣ್ಣಿ,

ನಿನ್ನ ಮಗಳಿಗೆ ಅವತ್ತೇ ಎರಡು ಸಾಲು ಬರೆದೆ. ನಿನಗೆ ಬರೆಯಲು ಕೂತು ಐದು ಹಾಳೆ ಹರಿದೆ. ಇದು ಆರನೆಯದು.

ನಿಜ ಹೇಳಬೇಕೆಂದರೆ, ಸೊಸೆಯ ಕಾಗದ ಓದಿ ನಾನು ನಂಬಲಿಲ್ಲ. ಓದಿಕೊಂಡವರು ನಮ್ಮಂಥವರ ಕೆಲಸದಲ್ಲಿ ಹುಳುಕು ಹುಡುಕುತ್ತಾರೆ ಅಂದುಕೊಂಡೆ. ನನ್ನ ಜೊತೆ ಉಂಗುರ ಇಳಿಸುತ್ತಿದ್ದ ಹಳೆಯ ಜೊತೆಗಾರ ನಿಮ್ಮ ಕಡೆಯಿಂದ ಬರುವವನಿದ್ದ, ಎರಡು ಚೀಲ ಮರಳು ತರಿಸಿದೆ. ಎಂಟಡಿ ಉದ್ದದ ಪೈಪು ನೆಟ್ಟಗೆ ಕಟ್ಟಿ, ತಳಕ್ಕೆ ಬಟ್ಟೆ ಬಿಗಿದು, ಮರಳು ತುಂಬಿದೆ. ಮೇಲಿನಿಂದ ಚರಂಡಿಯ ಕೆಸರು ನೀರು ಹೊಯ್ದೆ. ಕೆಳಗೆ ಗಾಜಿನಂಥ ನೀರು ತೊಟ್ಟಿಕ್ಕಿತು. 'ನೋಡಿದೆಯಾ?' ಎಂದು ನಿನ್ನತ್ತಿಗೆಯನ್ನು ಕೂಗಿ ಕರೆದೆ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು, 'ಈಗ ಉಪ್ಪು ಹಾಕಿ ನೋಡಿ' ಎಂದಳು.

ಒಂದು ಮುಷ್ಟಿ ಉಪ್ಪು ಕರಗಿಸಿ ಹೊಯ್ದೆ. ಕೆಳಗೆ ಬಂದದ್ದನ್ನು ನಾಲಿಗೆಗೆ ಇಟ್ಟೆ. ಉಪ್ಪು. ಮಾರನೆಯ ದಿನ ಮತ್ತೆ ಹೊಯ್ದೆ. ಉಪ್ಪೇ. ಕಣ್ಣಿಗೆ ಕಾಣುವುದನ್ನೆಲ್ಲ ಮರಳು ಹಿಡಿದುಕೊಂಡಿತು, ಕರಗಿದ್ದರಲ್ಲಿ ಒಂದು ಕಾಳನ್ನೂ ಹಿಡಿಯಲಿಲ್ಲ. ನಾನು ಜೀವಮಾನವೆಲ್ಲ ಆ ನೀರನ್ನು ಕಣ್ಣಲ್ಲೇ ನೋಡಿದ್ದು. ಆಮೇಲೆ ಆ ಉಪ್ಪುನೀರನ್ನು ಒಲೆಯ ಮೇಲಿಟ್ಟು ಅರ್ಧಕ್ಕೆ ಇಳಿಸಿದೆ. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಅಲ್ಲಿಂದ ಎದ್ದು ಹಿತ್ತಲಿಗೆ ಹೋದವನು ಸಂಜೆಯ ತನಕ ಒಳಗೆ ಬರಲಿಲ್ಲ.

ನೀರು ನಿಲ್ಲಿಸದ ಮಣ್ಣು, ಗೊಬ್ಬರ ನಿಲ್ಲಿಸದ ಮಣ್ಣು ಎಂದು ನಿನಗೆ ಪಾಠ ಹೇಳಿದವನು ನಾನೇ. ಗೊಬ್ಬರ ನೀರಿನ ಬೆನ್ನು ಹತ್ತಿ ಹೋಗುತ್ತದೆ ಎಂದು ಬರೆದ ಕೈಯೇ, ಗುಂಡಿಯಲ್ಲಿ ಇರುವುದೂ ಗೊಬ್ಬರವೇ ಎಂದು ಯೋಚಿಸಲಿಲ್ಲ. ಅದೇ ಕಾಗದದಲ್ಲಿ ಎರಡೂ ಇದ್ದವು ಸಣ್ಣಿ.

ಬಾವಿಗಳ ನನ್ನ ಪುಸ್ತಕ ತೆಗೆದೆ. ನಿಮ್ಮ ಮರಳು ತೀರದಲ್ಲಿ ನಿನ್ನದು ಬಿಟ್ಟು ಮೂವತ್ತೊಂದು. ಉಂಗುರ ಎಷ್ಟು, ನೀರು ಎಷ್ಟು ಆಳಕ್ಕೆ, ಬೇಸಿಗೆಯಲ್ಲಿ ಎಷ್ಟು ಇಳಿಯಿತು, ಎಲ್ಲ ಇದೆ. ಗುಂಡಿಗೆ ಎಷ್ಟು ಹೆಜ್ಜೆ ಎಂದು ಒಂದು ಕಡೆಯೂ ಇಲ್ಲ. ಮೂವತ್ತೊಂದು ಕಾರ್ಡು ತಂದು ದಿನಕ್ಕೆ ನಾಲ್ಕರಂತೆ ಬರೆದೆ: 'ನಿಮ್ಮ ಮನೆಯ ಬಾವಿ ತೋಡಿದವನು ನಾನು. ಮನೆಯಲ್ಲಿ ಎಳೆಗೂಸು ಇದ್ದರೆ ಆ ನೀರಲ್ಲಿ ಹಾಲು ಕಲಸಬೇಡಿ. ಕುದಿಸಿದರೂ ಬೇಡ. ನೀರನ್ನು ಪರೀಕ್ಷೆಗೆ ಕೊಡಿ. ತಪ್ಪು ನನ್ನದು.' ಕೊನೆಯ ಎರಡು ಪದ ಬರೆಯಬೇಕೇ ಎಂದು ಜೊತೆಗಾರ ಕೇಳಿದ. 'ಜಾಗ ಉಳಿದಿತ್ತು' ಎಂದೆ.

ನೀನು ಬೈದು ಬರೆದರೂ ಸರಿಯೇ. ಸುಮ್ಮನಿರಬೇಡ.

ಅಣ್ಣ

ಜೂನ್ 4

ಅಣ್ಣನಿಗೆ,

ಸುಮ್ಮನಿದ್ದದ್ದು ನಿನ್ನ ಮೇಲಿನ ಸಿಟ್ಟಿಗೆ ಅಂದುಕೊಂಡೆಯಾ? ಅರವತ್ತೆರಡಾದರೂ ನಿನಗೆ ಬುದ್ಧಿ ಬಂದಿಲ್ಲ.

ಬಾಟಲಿ ಹಿಡಿದದ್ದು ಈ ಕೈ. ಅಣ್ಣ ಅರ್ಧಕ್ಕೆ ಇಳಿಸು ಎಂದಿದ್ದಾನೆ, ನಾನು ಇನ್ನೂ ಸ್ವಲ್ಪ ಹೆಚ್ಚೇ ಇಳಿಸುತ್ತೇನೆ ಎಂದು ಒಲೆಯ ಮುಂದೆ ಕೂತಿದ್ದೆ. ಅವಳು ಮುಖ ತಿರುಗಿಸಿದಾಗಲೂ ಬಿಡಲಿಲ್ಲ. ಬಿಡಬೇಡ ಎಂದು ನೀನು ಬರೆದಿದ್ದೆಯಲ್ಲ. ಈಗ ಹಾಲು ಮಗಳೇ ಕಲಸಿಟ್ಟು ಸ್ಕೂಲಿಗೆ ಹೋಗುತ್ತಾಳೆ. ಅವಳು ಏನೂ ಅನ್ನುವುದಿಲ್ಲ. ನಾನೇ ಡಬ್ಬಿ ಮುಟ್ಟುವುದಿಲ್ಲ.

ಇನ್ನೊಂದು ನಿನಗೆ ನೆನಪಿದೆಯೋ ಇಲ್ಲವೋ. ನೀನು ಬಾವಿಗೆ ಗುರುತು ಹಾಕಿದ್ದು ಹಿತ್ತಲಿನ ತುದಿಯಲ್ಲಿ, ಗುಂಡಿಗಿಂತ ಮೇಲಿನ ಕಡೆ. ನಲವತ್ತು ಹೆಜ್ಜೆ ದೂರ. ನಾನು ಹೊಸ ಮದುವಣಗಿತ್ತಿ, 'ಆ ಕಾದ ಮರಳಲ್ಲಿ ದಿನಾ ಕೊಡ ಹೊತ್ತು ಸಾಯಬೇಕಾ? ಅಡುಗೆಮನೆ ಬಾಗಿಲಿಗೇ ತೋಡಿಕೊಡು' ಎಂದು ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತೆ. ನೀನು ಗುರುತಿನ ಗೂಟ ಕಿತ್ತು ನಾನು ತೋರಿಸಿದಲ್ಲಿ ಹೊಡೆದೆ. 'ಏನಯ್ಯಾ ಇದು, ತಂಗಿ ಹೇಳಿದಲ್ಲಿ ನೀರು ಬರುತ್ತಾ?' ಎಂದು ಇವರು ನಕ್ಕರು. ಬಂತು. ನೀನು ಬರಿಸಿದೆ.

ಈಗ ಮಳೆ ಶುರುವಾಗಿದೆ. ಬಾವಿಯ ನೀರು ಮೂರು ಉಂಗುರ ಏರಿದೆ, ಬಾಯಿಗೆ ಹಲಗೆ ಮುಚ್ಚಿದ್ದೇವೆ. ಕಾಳಿಗೆ ಆರು ತಿಂಗಳು ತುಂಬಿತು. ಮಗುಚಿಕೊಳ್ಳುತ್ತಾಳೆ. ಯಾರ ಮೂಗು ಸಿಕ್ಕರೂ ಹಿಡಿದು ಎಳೆಯುತ್ತಾಳೆ, ತಾತನದಂತೂ ಕೆಂಪಾಗಿದೆ.

ಅತ್ತಿಗೆಯ ಆರೋಗ್ಯ ನೋಡಿಕೊ. ನಿನ್ನದನ್ನೂ.

ತಂಗಿ

ಜೂನ್ 11

ನನ್ನ ಸಣ್ಣಿ,

ಗೂಟದ ವಿಷಯ ನೆನಪಿದೆ. ಎರಡು ತಿಂಗಳಿನಿಂದ ನೆನಪಿದೆ. ನಿನಗೆ ಮರೆತಿರಲಿ ಎಂದು ದೇವರಲ್ಲಿ ಕೇಳಿಕೊಂಡಿದ್ದೆ.

ಕೇಳು. ನೀನು ಹತ್ತೊಂಬತ್ತರ ಹುಡುಗಿ, ಬಿಸಿಲಿಗೆ ಹೆದರಿದೆ. ಹೆದರಬೇಕಾದದ್ದೇ. ಬಾವಿಯ ಕೆಲಸ ಗೊತ್ತಿದ್ದವನು ನಾನು. ನಿಮ್ಮಲ್ಲಿ ನೆಲದೊಳಗಿನ ನೀರು ಕಡಲಿನ ಕಡೆಗೆ ಹೆಜ್ಜೆ ಹಾಕುತ್ತದೆ ಎಂದು ನನಗೆ ಗೊತ್ತಿತ್ತು. ಗುಂಡಿ ಮೇಲೆ, ಬಾವಿ ಕೆಳಗೆ ಎಂದೂ ಗೊತ್ತಿತ್ತು. ಮರಳು ಸೋಸುತ್ತದೆ ಬಿಡು, ತಂಗಿಯ ಮುಖ ಅರಳಲಿ ಎಂದು ಗೂಟ ಕಿತ್ತೆ. ತಪ್ಪನ್ನು ಹೆಚ್ಚು ಕಡಿಮೆ ಎಂದು ಪಾಲು ಮಾಡಬೇಡ, ಪೂರ್ತಿ ನನಗಿರಲಿ. ದೊಡ್ಡವನು ನಾನು. ಬಾಟಲಿ ಹಿಡಿದ ಕೈಯನ್ನೂ ಬೈಯಬೇಡ. ಅಣ್ಣನನ್ನು ನಂಬಿದ ಕೈ ಅದು. ನಾಳೆಯೇ ಹೋಗಿ ಡಬ್ಬಿ ಮುಟ್ಟು. ನಲ್ಲಿ ನೀರಿನಲ್ಲಿ ಕಲಸಿ, ಮೊದಲ ಗುಟುಕು ನೀನೇ ಕುಡಿಸು. ಇದು ನಾನು ನಿನಗೆ ಕೊಡುತ್ತಿರುವ ಕೊನೆಯ ಉಪದೇಶ. ಇದನ್ನೂ ಕಣ್ಣುಮುಚ್ಚಿ ನಂಬಬೇಡ, ಡಾಕ್ಟರಮ್ಮನನ್ನು ಕೇಳಿಕೊಂಡೇ ಮಾಡು.

ಕಾರ್ಡುಗಳಿಗೆ ಒಂಬತ್ತು ಉತ್ತರ ಬಂದಿವೆ. ಇಬ್ಬರು ನಲ್ಲಿ ಹಾಕಿಸಿಕೊಂಡು ವರ್ಷಗಳಾಯಿತಂತೆ. ಒಬ್ಬರು, 'ಇಪ್ಪತ್ತು ವರ್ಷ ಕುಡಿಸಿ ಈಗ ಹೇಳ್ತೀಯಲ್ಲೋ ಪುಣ್ಯಾತ್ಮ' ಎಂದು ಬರೆದಿದ್ದಾರೆ. ಒಬ್ಬಳ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಎಂಟು ತಿಂಗಳ ಬಸುರಿಯಂತೆ. 'ತಾತಾ, ನೀವು ಯಾರೋ ಗೊತ್ತಿಲ್ಲ, ನೀರನ್ನು ಪರೀಕ್ಷೆಗೆ ಕಳಿಸಿದ್ದೇವೆ' ಎಂದಿದ್ದಾಳೆ. ಉತ್ತರ ಬಾರದವರಿಗೆ ಮತ್ತೊಂದು ಕಾರ್ಡು ಹಾಕಿದೆ. ಅದಕ್ಕೂ ಬಾರದವರ ಮನೆಗೆ ಹೋಗಿ ಬಾಗಿಲು ತಟ್ಟಬೇಕು. ಆ ಕಡೆ ಬರಲೇಬೇಕಾಗಿದೆ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಳೆ ಇತ್ತು, ಮೂಗು ಎಳೆಯುವುದಿತ್ತು, ಅತ್ತಿಗೆಯ ಆರೋಗ್ಯ ಇತ್ತು. ಬರಬೇಕೆಂದು ಮಾತ್ರ ಎಲ್ಲೂ ಇರಲಿಲ್ಲ. 'ಬರೆಯಲು ಮರೆತಿರುತ್ತಾಳೆ, ಬಸ್ಸು ಹತ್ತಿ' ಎಂದು ನಿನ್ನತ್ತಿಗೆ ಗದರಿದಳು. ನಿನ್ನ ಮರೆವು ನನಗೆ ಗೊತ್ತಿಲ್ಲವೇ? ಗೊಬ್ಬರ ಮರೆಯುತ್ತೀಯ, ಇದನ್ನು ನೀನು ಮರೆಯುವವಳಲ್ಲ.

ನಾನು ಬಂದರೆ ಗುದ್ದಲಿ ಮುಟ್ಟುವುದಿಲ್ಲ. ಬಾವಿಯ ಹತ್ತಿರವೂ ಸುಳಿಯುವುದಿಲ್ಲ. ಜಗಲಿಯ ಮೇಲೆ ಕೂತಿರುತ್ತೇನೆ. ನಿನಗೆ ಮನಸ್ಸು ಬಂದ ದಿನ, ಬಂದ ಹೊತ್ತಿಗೆ, ಕೂಸನ್ನು ಐದು ನಿಮಿಷ ನನ್ನ ಕೈಗೆ ಕೊಟ್ಟರೆ ಸಾಕು. ಮನಸ್ಸು ಬಾರದಿದ್ದರೆ ಕೇಳುವುದಿಲ್ಲ, ಬೀದಿಯ ಬದಿಯಿಂದಲೇ ನೋಡಿಕೊಂಡು ಆ ಉಳಿದ ಮನೆಗಳಿಗೆ ಹೋಗುತ್ತೇನೆ.

ಉದ್ದ ಬರೆಯಬೇಡ, ಸೊಂಟ ನೋಯುತ್ತದೆ. ಒಂದೇ ಒಂದು ಅಕ್ಷರ ಬರೆದು ಹಾಕು, ಬಾ ಎಂದು. ಆದಷ್ಟು ಬೇಗ ಹಾಕು.

ದಾರಿ ಕಾಯುತ್ತಿರುವ,
ನಿನ್ನ ಅಣ್ಣ